ಒಂದು ಸೌಟು ನೀರು

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 7.20

ಸಾರಿ. ಇಲ್ಲಿ ಇದನ್ನೆಲ್ಲ ಬರೆಯಬಾರದು. ಈ ನೋಟ್‌ಬುಕ್ ಡಯಟಿಷಿಯನ್ ಕೊಟ್ಟದ್ದು, ತಿಂದದ್ದನ್ನು ಮಾತ್ರ ಬರೆಯಲು. ಮೂರು ಕಾಲಂ ಗೀಚಿಯೂ ಕೊಟ್ಟಿದ್ದಾರೆ — ಹೊತ್ತು, ತಿಂದದ್ದು, ಹೊಟ್ಟೆ ಹೇಗಿತ್ತು. ನಾನು ಕಾಲಂ ದಾಟುತ್ತಿದ್ದೇನೆ. ಬೇರೆ ಎಲ್ಲಿ ಬರೆಯಲಿ ಗೊತ್ತಾಗಲಿಲ್ಲ. ಅವರಿಗೆ ತೋರಿಸುವ ಮೊದಲು ಈ ಹಾಳೆಗಳನ್ನು ಹರಿದುಹಾಕಿದರಾಯಿತು.

7.00 — ಬೇಯಿಸಿದ ಮೊಟ್ಟೆ ಎರಡು, ಬಾಳೆಹಣ್ಣು. ಹೊಟ್ಟೆ: ಸುಮ್ಮನಿದೆ.

ಮೆಸ್‌ನಲ್ಲಿ ಟೇಬಲ್ ಒರೆಸುವ ಬಟ್ಟೆ ಒಂದೇ. ಬ್ರೆಡ್ ಪುಡಿ ಒರೆಸಿದ ಬಟ್ಟೆಯಲ್ಲೇ ನನ್ನ ಜಾಗವನ್ನೂ ಒರೆಸುತ್ತಾರೆ. ಅದಕ್ಕೇ ತಟ್ಟೆಯ ಕೆಳಗೆ ನನ್ನದೊಂದು ಪೇಪರ್. ಸ್ಪೂನ್ ನನ್ನದೇ, ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿ. ರೂಮ್‌ಮೇಟ್ — ಎಲ್ಲರೂ ಗುಬ್ಬಿ ಅನ್ನುತ್ತಾರೆ, ದಿನವಿಡೀ ಏನಾದರೂ ಕುಕ್ಕುತ್ತಿರುತ್ತಾಳೆ — ಇವತ್ತು ಎಲ್ಲರೆದುರು, "ಇವಳ ಸ್ಪೂನು ಬಾಣಂತಿ ಇದ್ದ ಹಾಗೆ ಕಣ್ರೇ, ಗಾಳಿ ಸೋಕಬಾರದು" ಅಂದಳು. ನಕ್ಕೆ. ನಗಲೇಬೇಕಲ್ಲ.

ಸೀಲಿಯಾಕ್ ಅಂತ ಗೊತ್ತಾದದ್ದು ಹೋದ ವರ್ಷ. ಗೋಧಿಯ ಒಂದು ಚೂರು ಒಳಗೆ ಹೋದರೂ ಕರುಳು ತನ್ನನ್ನೇ ತಾನು ಪರಚಿಕೊಳ್ಳುತ್ತದೆ. ಅದಕ್ಕೆ ಮುಂಚಿನ ಏಳೆಂಟು ವರ್ಷ ಅದರ ಹೆಸರು "ನಾಟಕ" ಅಂತಿತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್. ಕೊಟ್ಟದ್ದನ್ನು ತಿನ್ನು, ಕೇಳಿದರೆ ಚೆನ್ನಾಗಿದೆ ಅನ್ನು. ಅಲ್ಲಿ ಚೆನ್ನಾಗಿ ಕಲಿತದ್ದು ಅದೊಂದೇ.

ಇನ್ನು ಬರೆಯುವುದಿಲ್ಲ.

ಆಗಸ್ಟ್ 7, ಗುರುವಾರ. ಸಂಜೆ 5

ಬರೆಯುತ್ತಿದ್ದೇನೆ.

ಕ್ಲಾಸ್‌ಮೇಟ್‌ಗಳು ಬನ್ ತಿನ್ನುವ ಜಾಗದಲ್ಲಿ ಕೂರುವುದಕ್ಕೆ ಹೆದರಿಕೆ. ಲೈಬ್ರರಿಯ ಮೂರನೇ ಮಹಡಿ, ಹಳೇ ಜರ್ನಲ್‌ಗಳ ಹಿಂದೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. ಲೈಬ್ರರಿ ಮೇಡಂ ಕೈಗೆ ಸಿಕ್ಕಿಬಿದ್ದೆ.

"ಇಲ್ಲಿ ತಿನ್ನಬಾರದು ಅಂತ ಬೋರ್ಡ್ ಇದೆ. ಓದೋಕೆ ಬರಲ್ವಾ?"

ಕೈಯಲ್ಲಿದ್ದ ಕರ್ಚೀಫ್ ಬಿಚ್ಚಿಕೊಂಡು ಸ್ಪೂನ್ ನೆಲಕ್ಕೆ ಬಿತ್ತು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಗೋಧಿನಾ?"

ತಲೆಯಾಡಿಸಿದೆ. ಅವರು ಕೆಳಗೆ ಕರೆದುಕೊಂಡು ಹೋಗಿ ಡ್ರಾಯರ್ ಎಳೆದು ದಪ್ಪ ಪೆನ್ನಿನಂಥದ್ದೊಂದು ತೋರಿಸಿದರು. ಇಂಜೆಕ್ಷನ್. "ನಿಂದು ಹೊಟ್ಟೆ. ನಂದು ಗಂಟಲು. ಅಲರ್ಜಿ. ಗೋಧಿ ಹೊಟ್ಟೆಗೆ ಹೋದ್ರೆ ಐದೇ ನಿಮಿಷ, ಉಸಿರು ಕಟ್ಟುತ್ತೆ. ಇದನ್ನ ತೊಡೆಗೆ ಚುಚ್ಚಿಕೊಂಡು ಆಸ್ಪತ್ರೆಗೆ ಓಡಬೇಕು. ಒಂದ್ಸಲ ಓಡಿದೀನಿ, ಚಪ್ಪಲಿ ಕೂಡ ಇಲ್ದೆ."

ಹವಾಮಾನ ಹೇಳುವ ಹಾಗೆ ಹೇಳಿದರು. ನಾನಾಗಿದ್ದರೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ.

"ಶನಿವಾರ ಒಂದು ಗಂಟೆಗೆ ನನ್ ಜೊತೆ ಬಾ. ಕೂತು ಉಣ್ಣೋದು ಹೇಗೆ ಅಂತ ತೋರಿಸ್ತೀನಿ. ಹೀಗೆ ಕಳ್ಳಿ ಥರ ಅಲ್ಲ."

ಆಗಸ್ಟ್ 9, ಶನಿವಾರ. ಮಧ್ಯಾಹ್ನ 3.30

ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಸೈಕಲ್ ರಿಪೇರಿ, ನಡುವೆ ಏಳು ಟೇಬಲ್ಲಿನ ಇಟಾಲಿಯನ್ ಹೋಟೆಲು. ಮನೆಯವರೇ ನಡೆಸುವುದು. ಕೌಂಟರಿನಲ್ಲಿ ಯಜಮಾನರು. ಟೇಬಲ್ ನೋಡಿಕೊಳ್ಳುವುದು ಅವರ ಮಗಳು — ಎಲ್ಲರೂ ಅಕ್ಕ ಅನ್ನುತ್ತಾರೆ, ನಾನೂ ಅಂದೆ. ಅಡುಗೆ ಮಾಡುವುದು ಯಜಮಾನರ ತಾಯಿ, ಎಲ್ಲರಿಗೂ ಅಜ್ಜಿ. ಎಪ್ಪತ್ತು ದಾಟಿರಬೇಕು. ಮಂಡಿ ನೋವಂತೆ, ಒಲೆ ಪಕ್ಕ ಎತ್ತರದ ಸ್ಟೂಲು.

ಮೆನುವಿನಲ್ಲಿ ಕೆಲವು ಹೆಸರುಗಳ ಮುಂದೆ ಗೋಧಿ ತೆನೆಯ ಚಿತ್ರ, ಅದರ ಮೇಲೆ ಅಡ್ಡಗೀಟು. ಒಂಬತ್ತು ಇವೆ. ಎರಡು ಸಲ ಎಣಿಸಿದೆ. ಒಂಬತ್ತು ಊಟದಲ್ಲಿ ಒಂದನ್ನು ಆರಿಸಬೇಕು ಅನ್ನುವ ಕಷ್ಟ ನನಗೆ ಹೊಸದು.

ಆದರೂ ಖಾತ್ರಿಯಾಗಬೇಕು. ಅಕ್ಕನಿಗೆ ಮೆಲ್ಲಗೆ, "ನಂಗೆ ಗೋಧಿ ಆಗಲ್ಲ" ಅಂದೆ. ಅಡುಗೆಮನೆಯ ಕಿಂಡಿಯಿಂದ ಅಜ್ಜಿ ತಲೆ ಹಾಕಿದರು.

"ಆಗಲ್ಲ ಅಂದ್ರೆ? ನಂಗೂ ನನ್ನ ನಾದಿನಿಗೂ ಆಗಲ್ಲ. ಒಂದೇ ಮನೇಲಿ ಮೂವತ್ತು ವರ್ಷ ಇರ್ಲಿಲ್ವಾ?"

ಮೇಡಂ ಬಿದ್ದು ಬಿದ್ದು ನಕ್ಕರು. "ಅಜ್ಜಿ, ಇವಳೂ ನನ್ನ ಪಾರ್ಟಿ. ಸಣ್ಣ ಪಾತ್ರೆ."

"ಹಾಗೆ ಹೇಳು ಮತ್ತೆ." ಅಜ್ಜಿ ಎದ್ದರು. ಕೈ ತೊಳೆದರು, ಏಪ್ರನ್ ಬದಲಿಸಿದರು. ಗೋಧಿ ಇಲ್ಲದ ಅಡುಗೆಗೆ ನೀಲಿ ಬಣ್ಣದ ಸಣ್ಣ ಪಾತ್ರೆ. ಅದಕ್ಕೆ ಅದರದೇ ಮುಚ್ಚಳ, ಅದರದೇ ಜರಡಿ, ಅದರದೇ ಸೌಟು, ಅದರದೇ ಬಾಣಲೆ. ಎಲ್ಲ ಬೇರೆ ಕಪಾಟಿನಲ್ಲಿ. ಕಪಾಟಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಮೂರು ವರ್ಷದಿಂದ ಒಂದು ಸಲವೂ ತೊಂದರೆ ಆಗಿಲ್ಲ ಅಂದರು ಮೇಡಂ.

ಅಕ್ಕಿ ಪಾಸ್ತಾ, ಟೊಮೇಟೊ ಸಾಸ್. ಸಾಸ್ ಸ್ವಲ್ಪ ತೆಳ್ಳಗೆ. ಪರವಾಗಿಲ್ಲ. ತಟ್ಟೆಯ ಕೆಳಗೆ ಪೇಪರ್ ಹಾಕಿದ್ದೆ. ಅರ್ಧ ಊಟಕ್ಕೆ ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

ಹೊಟ್ಟೆ: ಏನೂ ಇಲ್ಲ. ಏನೂ ಇಲ್ಲ!

ಆಗಸ್ಟ್ 16, ಶನಿವಾರ. ಮಧ್ಯಾಹ್ನ 3

ಹೊಟ್ಟೆ: ಚೆನ್ನಾಗಿದೆ.

ಒಂದು ಹುಚ್ಚುತನ ಮಾಡಿದೆ. ಅಕ್ಕ ತಟ್ಟೆ ಎತ್ತುವಾಗ, "ಹೇಗಿತ್ತು? ನಿಜ ಹೇಳು, ಅಜ್ಜಿ ಕೇಳ್ತಿದಾರೆ" ಅಂದರು. ಚೆನ್ನಾಗಿತ್ತು ಅಂದೆ. "ಎಲ್ಲರೂ ಹಾಗೇ ಅಂತಾರೆ. ನಿಜ ಹೇಳು." ಜೀವನದಲ್ಲಿ ಒಂದು ಸಲ ನಿಜ ಹೇಳಿ ನೋಡೋಣ ಅನ್ನಿಸಿತು. ಸಾಸ್ ಸ್ವಲ್ಪ ನೀರಾಗಿದೆ ಅಂದೆ.

ಒಳಗೆ ಸೌಟಿನ ಸದ್ದು ನಿಂತಿತು. ಕಿಂಡಿಯಲ್ಲಿ ಅಜ್ಜಿ ಕಾಣಿಸಲಿಲ್ಲ. ಆಮೇಲೆ ಸದ್ದು ಮತ್ತೆ ಶುರುವಾಯಿತು.

ದಾರಿಯುದ್ದಕ್ಕೂ ಅದೇ ಯೋಚನೆ. ಯಾಕೆ ಬೇಕಿತ್ತು ನನಗೆ. ಮೇಡಂ ಬೆನ್ನು ತಟ್ಟಿದರು. "ಹೇಳಿದ್ದು ಒಳ್ಳೇದಾಯ್ತು. ನಾನು ಮೂರು ವರ್ಷದಿಂದ ನುಂಗ್ತಾ ಇದೀನಿ."

ಮೇಡಂ ಸೋಮವಾರದಿಂದ ರಜ. ತಂಗಿಗೆ ಹೆರಿಗೆ, ನೋಡಿಕೊಳ್ಳಲು ಹೋಗುತ್ತಾರೆ. ಮೂರು ವಾರ. ಸೆಪ್ಟೆಂಬರ್ ಆರಕ್ಕೆ ವಾಪಸ್. "ಆರನೇ ತಾರೀಕು ಶನಿವಾರ. ಬಸ್ ಇಳಿದು ಒಂದು ಗಂಟೆಗೆ ಸೀದಾ ಹೋಟೆಲಿಗೇ. ನನ್ನ ಕುರ್ಚಿ ಕಾಯ್ಕೊಂಡಿರು."

ಆಗಸ್ಟ್ 23, ಶನಿವಾರ. ಮಧ್ಯಾಹ್ನ 3

ಒಬ್ಬಳೇ ಹೋದೆ. ಒಬ್ಬಳೇ ಹೋಟೆಲಿಗೆ ಹೋಗಿದ್ದೇನೆ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮನಿಗೆ ಅಳು ಬಂದ ಹಾಗಾಯಿತು. "ಜಾಸ್ತಿ ತಿನ್ನಬೇಡ" ಅಂದರು, ಸುಮ್ಮನೆ ಏನಾದರೂ ಅನ್ನಬೇಕಲ್ಲ ಅಂತ.

ಸಾಸ್ ಇವತ್ತು ಬೇರೆಯೇ. ದಪ್ಪ, ನುಣುಪು, ಪಾಸ್ತಾಗೆ ಅಂಟಿಕೊಂಡು ಕೂತಿತ್ತು. ಅಜ್ಜಿ ಕಿಂಡಿಯಿಂದ ನೋಡುತ್ತಲೇ ಇದ್ದರು. "ನೀರಾ?" ಅಂದರು. ಇಲ್ಲ ಅಜ್ಜಿ ಅಂದೆ. "ಹೂಂ" ಅಂತ ಮುಖ ಒಳಗೆಳೆದುಕೊಂಡರು. ಆ ಒಂದು ಹೂಂನಲ್ಲಿ ಗೆದ್ದವರ ಗತ್ತು.

ಆಗಸ್ಟ್ 24, ಭಾನುವಾರ. ಬೆಳಿಗ್ಗೆ 6

ಹೊಟ್ಟೆ: ಹಳೆಯದೇ. ಅದೇ ನೋವು. ಬಲಗಡೆಯಿಂದ ಶುರುವಾಗಿ ಸುತ್ತಿಕೊಳ್ಳುವುದು.

ಅಲ್ಲಿಯದಲ್ಲ. ಅಲ್ಲಿಯದಾಗಿರಲು ಸಾಧ್ಯವೇ ಇಲ್ಲ. ಶುಕ್ರವಾರ ಮೆಸ್ಸಿನ ಸೂಪ್? ಗುಬ್ಬಿ ನನ್ನ ಕಪ್ ಮುಟ್ಟಿದ್ದಳಾ?

ಆಗಸ್ಟ್ 27, ಬುಧವಾರ

ಡಯಟಿಷಿಯನ್ ಫೋನ್. ಹೊರಗೆ ಏನಾದರೂ ತಿಂದಿರಾ? ಇಲ್ಲ ಅಂದೆ. ಯಾಕೆ ಸುಳ್ಳು ಹೇಳಿದೆ ಗೊತ್ತಿಲ್ಲ. ಗೊತ್ತು. ಹೋಗಬೇಡ ಅಂದುಬಿಡುತ್ತಾರೆ.

ಆಗಸ್ಟ್ 30, ಶನಿವಾರ. ಮಧ್ಯಾಹ್ನ 3.15

ಪರೀಕ್ಷೆ ಮಾಡಿದೆ. ನಿನ್ನೆಯಿಂದ ಮೊಟ್ಟೆ, ಬಾಳೆಹಣ್ಣು, ನನ್ನದೇ ಬಾಟಲಿಯ ನೀರು. ಬೇರೇನೂ ಇಲ್ಲ. ಇವತ್ತು ಅಲ್ಲಿ ಊಟ. ಇನ್ನು ಕಾಯುವುದು.

ತಿನ್ನುವಾಗ ಅಕ್ಕ ಪಕ್ಕದಲ್ಲಿ ಬಂದು ಕೂತರು. ಜನ ಕಡಿಮೆ ಇದ್ದರು. ಒಳಗೆ ಕೇಳಿಸದ ಹಾಗೆ ಮಾತು. "ಅಪ್ಪ ಅಜ್ಜೀನ ಅಡುಗೆಮನೆಯಿಂದ ಬಿಡಿಸಬೇಕು ಅಂತಿದಾರೆ. ಹೋದ ತಿಂಗಳು ಯಾರೋ ಉಪ್ಪು ಜಾಸ್ತಿ ಅಂದ್ರು. ಇನ್ನೊಂದು ಕಂಪ್ಲೇಂಟ್ ಬರ್ಲಿ, ಅಮ್ಮನ್ನ ಮನೇಲಿ ಕೂರಿಸ್ತೀನಿ ಅಂತಾರೆ. ಅಜ್ಜಿ ಮನೇಲಿ ಕೂತ್ರೆ ಆರು ತಿಂಗಳು ಬದುಕಲ್ಲ."

"ಇಲ್ಲಕ್ಕ, ಅಡುಗೆ ತುಂಬಾ ಚೆನ್ನಾಗಿದೆ."

"ನೀನೊಬ್ಬಳು ಚಿನ್ನ." ಬಿಲ್ಲಿನ ಹಿಂದೆ ತಮ್ಮ ನಂಬರ್ ಬರೆದುಕೊಟ್ಟರು. ಬರುವ ಮೊದಲು ಮೆಸೇಜ್ ಹಾಕಿದರೆ ಸಣ್ಣ ಪಾತ್ರೆ ತೆಗೆದಿಟ್ಟಿರುತ್ತಾರಂತೆ.

ಸಂಜೆ 6.40 — ಶುರುವಾಯಿತು.

ಸೆಪ್ಟೆಂಬರ್ 1, ಸೋಮವಾರ. ಬೆಳಿಗ್ಗೆ 10. ಕ್ಲಾಸಿಗೆ ಹೋಗಲಿಲ್ಲ

ಇದನ್ನು ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ಎಂಟನೇ ಕ್ಲಾಸ್. ಹಾಸ್ಟೆಲ್ಲಿನಲ್ಲಿ ದಿನಾ ಹೊಟ್ಟೆನೋವು. ಆಫೀಸಿನ ಹೊರಗೆ ಒಂದು ದೂರು ಪೆಟ್ಟಿಗೆ ಇತ್ತು. ಒಂದು ಚೀಟಿ ಬರೆದು ಹಾಕಿದೆ — "ಮೆಸ್ ಅಮ್ಮ ಕೈ ತೊಳೆಯದೆ ಅಡುಗೆ ಮಾಡುತ್ತಾರೆ, ಅದಕ್ಕೇ ನಮಗೆ ಹೊಟ್ಟೆನೋವು." ಹೆಸರು ಹಾಕಲಿಲ್ಲ. ಅವರು ಕೈ ತೊಳೆಯದ್ದನ್ನು ನಾನು ನೋಡಿರಲಿಲ್ಲ. ಹಾಗೇ ಇರಬೇಕು ಅಂದುಕೊಂಡಿದ್ದೆ. ನಮಗೆ ಅಂತಲೂ ಬರೆದೆ, ಆಗುತ್ತಿದ್ದದ್ದು ನನಗೊಬ್ಬಳಿಗೆ.

ವಾರದೊಳಗೆ ಅವರನ್ನು ಕಳಿಸಿಬಿಟ್ಟರು. ಗೇಟಿನ ಹತ್ತಿರ ಒಂದು ಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕರೆದರು. ಗೊತ್ತಾಗಿಹೋಯಿತು ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ — "ಹೊಟ್ಟೆನೋವು ಕಡಿಮೆ ಆಯ್ತಾ ಮಗಾ?"

ಹೊಸಬರು ಬಂದರು. ನೋವು ಹೋಗಲಿಲ್ಲ. ನಾಲ್ಕು ವರ್ಷ ಬಿಟ್ಟು ಡಾಕ್ಟರ್ ರಿಪೋರ್ಟ್ ತೋರಿಸಿ, ಇದು ಗೋಧಿ ಅಂದಾಗ ಅಮ್ಮ ನಿಟ್ಟುಸಿರು ಬಿಟ್ಟರು. ನನಗೆ ಕಂಡದ್ದು ಆ ಚೀಲ.

ಈಗ ಮತ್ತೆ ಒಬ್ಬ ಅಡುಗೆಯವರ ಮೇಲೆ ಬೆರಳು ತೋರಿಸಲಾ? ಏನೂ ನೋಡದೆ? ಎರಡು ಸಲ ಹೊಟ್ಟೆ ನೋಯಿತು ಅಂತ?

ನೋಡಬೇಕು. ನೋಡಿದ ಮೇಲೆ ಮಾತು.

ಸೆಪ್ಟೆಂಬರ್ 3, ಬುಧವಾರ. ಸಂಜೆ 5.30

ನೋಡಿದೆ.

ನಾಲ್ಕು ಗಂಟೆಗೆ ಹೋದೆ. ಗಿರಾಕಿ ಇಲ್ಲದ ಹೊತ್ತು. ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದರು, ಯಜಮಾನರು ಕೌಂಟರಿನಲ್ಲೇ ತೂಕಡಿಸುತ್ತಿದ್ದರು. ಅಜ್ಜಿ, ಅಡುಗೆ ಹೇಗೆ ಮಾಡ್ತೀರಿ ನೋಡಬಹುದಾ ಅಂದೆ. ಅಜ್ಜಿಯ ಮುಖ ಅರಳಿತು. "ಮನೇಲಿ ಯಾರಿಗೂ ಬೇಡ. ನೀನಾದ್ರೂ ಬಾ."

ಎಲ್ಲ ಸರಿಯಾಗೇ ಇತ್ತು. ಕೈ ತೊಳೆದರು, ಉಗುರಿನ ಸಂದಿ ಕೂಡ. ಏಪ್ರನ್ ಬದಲು. ಬೀಗ ತೆಗೆದು ನೀಲಿ ಪಾತ್ರೆ, ಹೊಸ ನೀರು, ಅಕ್ಕಿ ಪಾಸ್ತಾ. ಅದರದೇ ಜರಡಿ. ಬಾಣಲೆಯಲ್ಲಿ ಟೊಮೇಟೊ ಕುದಿಯುತ್ತಿತ್ತು. ನನಗೆ ನನ್ನ ಮೇಲೇ ನಾಚಿಕೆ ಬಂತು. ಇಂಥವರ ಮೇಲೆ ಅನುಮಾನ.

ಆಗ ಅಜ್ಜಿ ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದರು.

"ನೀನು ಅವತ್ತು ನೀರು ಅಂದ್ಯಲ್ಲ. ಎರಡು ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ ನಂಗೆ. ಅಕ್ಕಿ ಪಾಸ್ತಾ ಬೆಂದ ನೀರಿಗೆ ಮೈಯೇ ಇಲ್ಲ ಕಣಮ್ಮ. ಸಾಸ್ ಹಿಡಿಯಲ್ಲ, ತಟ್ಟೆ ಮೇಲೆ ಓಡುತ್ತೆ. ಈಗ ಇದು ನೋಡು."

ಪಕ್ಕದ ಒಲೆಯ ದೊಡ್ಡ ಪಾತ್ರೆಯ ಮುಚ್ಚಳ ಸರಿಸಿದರು. ಬೆಳಿಗ್ಗೆಯಿಂದ ಗೋಧಿ ಪಾಸ್ತಾ ಬೆಂದೂ ಬೆಂದೂ ಗಂಜಿಯ ಹಾಗೆ ಮಬ್ಬಾದ ನೀರು. ಒಂದು ಸೌಟು ತುಂಬ ತೆಗೆದು ನನ್ನ ಬಾಣಲೆಗೆ ಸುರಿದರು. ಚುಂಯ್ ಅಂದಿತು. ಅಲುಗಾಡಿಸಿದರು. ಸಾಸ್ ದಪ್ಪಗೆ, ಹೊಳೆಹೊಳೆಯುತ್ತ ಒಂದಾಯಿತು.

"ನಮ್ಮತ್ತೆ ಹೇಳಿಕೊಟ್ಟಿದ್ದು. ಮೊಮ್ಮಗಳಿಗೂ ಹೇಳಿಲ್ಲ, ಅವಳ ಬಾಯಲ್ಲಿ ಗುಟ್ಟು ನಿಲ್ಲಲ್ಲ."

"ಅಜ್ಜಿ, ಅದು ದೊಡ್ಡ ಪಾತ್ರೆಯ..."

"ಪಾಸ್ತಾ ನಿನ್ನ ಪಾತ್ರೇಲೇ ಬೆಂದಿದೆ. ಅದರಲ್ಲಿ ನಾನು ತಪ್ಪೋದೇ ಇಲ್ಲ. ಇದು ಬರೀ ನೀರು. ಶನಿವಾರ ಆ ಲೈಬ್ರರಿಯಮ್ಮ ಬರ್ತಾಳಲ್ಲ, ಅವಳಿಗೂ ಹೀಗೇ ಮಾಡಿ ಕೊಡ್ತೀನಿ. ಪಾಪ, ಮೂರು ವರ್ಷ ನೀರು ಸಾಸ್ ತಿಂದಿದಾಳೆ, ಒಂದು ದಿನ ಬಾಯಿ ಬಿಟ್ಟಿಲ್ಲ."

ತಟ್ಟೆ ಮುಂದಿಟ್ಟರು. ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ಗಲ್ಲಕ್ಕೆ ಕೈ.

ಹೇಳಬೇಕಿತ್ತು. ನಾಲ್ಕು ಪದ ಸಾಕಿತ್ತು. ಆ ನೀರಿನಲ್ಲಿ ಗೋಧಿ ಇದೆ. ನಾಲ್ಕೇ.

ತಿಂದೆ. ಗೊತ್ತಿದ್ದೂ ತಿಂದೆ. ಹನ್ನೊಂದು ಸ್ಪೂನ್. ಚೆನ್ನಾಗಿದೆ ಅಜ್ಜಿ ಅಂದೆ.

ಸೆಪ್ಟೆಂಬರ್ 4, ಗುರುವಾರ

ಹೊಟ್ಟೆ:

ಸೆಪ್ಟೆಂಬರ್ 5, ಶುಕ್ರವಾರ. ಮಧ್ಯಾಹ್ನ 2

ಸ್ವಲ್ಪ ಎದ್ದು ಕೂತಿದ್ದೇನೆ. ಗುಬ್ಬಿ ಕ್ಲಾಸ್ ಬಿಟ್ಟು ಗ್ಲುಕೋಸ್ ಕಲಸಿ ಕೊಡುತ್ತಿದ್ದಾಳೆ. ಕಲಸುವ ಮೊದಲು ನನ್ನ ಸ್ಪೂನನ್ನು ಮೂರು ಸಲ ತೊಳೆದಳು. ಏನೂ ಜೋಕ್ ಮಾಡಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆ ಆಯಿತು.

ನನಗೆ ಆದದ್ದು ಎರಡು ದಿನದ ಹಾಸಿಗೆ. ಮೇಡಂಗೆ ಐದು ನಿಮಿಷ.

ಮೇಡಂ ನಂಬರ್ ನನ್ನ ಹತ್ತಿರ ಇಲ್ಲ. ಗುಬ್ಬಿಯನ್ನು ಲೈಬ್ರರಿಗೆ ಕಳಿಸಿದೆ. ಅಟೆಂಡರ್ ಕೊಡಲಿಲ್ಲವಂತೆ. "ಸ್ಟೂಡೆಂಟ್ಸ್‌ಗೆ ನಂಬರ್ ಕೊಡಬೇಡ ಅಂತ ಮೇಡಮ್ಮೇ ಹೇಳಿದಾರೆ. ನಾಳೆ ಬರ್ತಾರಲ್ಲ, ಅಷ್ಟೇನು ಅರ್ಜೆಂಟು?" ನೀವೇ ಫೋನ್ ಮಾಡಿ ಹೇಳಿ ಅಂದದ್ದಕ್ಕೆ ಮಾಡಿದನಂತೆ. ಸ್ವಿಚ್ ಆಫ್. ಅವರ ತಂಗಿಯ ಊರಿನಲ್ಲಿ ಸಿಗ್ನಲ್ಲೇ ಇಲ್ಲವಂತೆ.

ಅಕ್ಕನ ನಂಬರ್ ಇದೆ. ಮೆಸೇಜ್ ಕಳಿಸುವ ಮೊದಲು ಕಾಗದದಲ್ಲಿ ಬರೆದು ನೋಡುವುದು ನನ್ನ ಅಭ್ಯಾಸ.

~ಅಕ್ಕ, ಹೇಗಿದ್ದೀರಿ. ಒಂದು ಸಣ್ಣ ವಿಷಯ~

ಸಣ್ಣದಲ್ಲ. ಹೊಡೆದುಹಾಕಿದೆ.

~ಅಕ್ಕ, ಅಜ್ಜಿ ಸಾಸಿಗೆ ಹಾಕುವ ನೀರು ನನಗೆ ಆಗಲ್ಲ~

ಅಜ್ಜಿಯ ನಾದಿನಿ ನೆನಪಾದರು. ಆಗಲ್ಲ ಅಂದರೆ ಯಾರಿಗೆ ಏನು ಅರ್ಥವಾಗುತ್ತದೆ. ಇಷ್ಟವಿಲ್ಲ ಅಂತಲೋ, ಒಗ್ಗಲ್ಲ ಅಂತಲೋ, ಜಗಳ ಅಂತಲೋ. ಸಾಯುವುದಕ್ಕೂ ಅದೇ ಪದವಾದರೆ ಹೇಗೆ.

~ಅಕ್ಕ, ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ~

ಹೇಳುತ್ತಿದ್ದೇನೆ. ಹೇಳಿದರೆ ಯಜಮಾನರು ಅಜ್ಜಿಯನ್ನು ಮನೆಯಲ್ಲಿ ಕೂರಿಸುತ್ತಾರೆ. ಆರು ತಿಂಗಳು ಬದುಕಲ್ಲ ಅಂದಿದ್ದರು ಅಕ್ಕ. ಕಣ್ಣು ಮುಚ್ಚಿದರೆ ಗೇಟು, ಚೀಲ. ಈಗ ಅಲ್ಲಿ ಅಜ್ಜಿ ನಿಂತಿದ್ದಾರೆ, ಹೊಟ್ಟೆನೋವು ಕಡಿಮೆ ಆಯ್ತಾ ಅನ್ನುತ್ತಿದ್ದಾರೆ.

ನಾಳೆ ಹುಷಾರಾದರೆ ನಾನೇ ಮೊದಲು ಹೋಗಿ ಮೇಡಂ ಕಿವಿಯಲ್ಲಿ ಹೇಳುವುದು. ಬೇರೆ ಯಾರಿಗೂ ಗೊತ್ತಾಗುವುದು ಬೇಡ. ಅದೇ ಸರಿ. ಅದೇ.

ಸೆಪ್ಟೆಂಬರ್ 6, ಶನಿವಾರ. ಬೆಳಿಗ್ಗೆ 11.50

ನಿದ್ದೆ ಹತ್ತಿಬಿಟ್ಟಿತ್ತು. ಮಾತ್ರೆಯ ನಿದ್ದೆ. ಒಂದು ಗಂಟೆಗೆ ಮೇಡಂ ಹೋಟೆಲಿನಲ್ಲಿರುತ್ತಾರೆ. ಗುಬ್ಬಿ ಎಬ್ಬಿಸದೆ ಲ್ಯಾಬಿಗೆ ಹೋಗಿದ್ದಾಳೆ.

ಹೋಟೆಲಿನ ಲ್ಯಾಂಡ್‌ಲೈನ್ ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ. ಶನಿವಾರದ ರಶ್. ಅಕ್ಕನ ಮೊಬೈಲೂ ಅಷ್ಟೇ. ಕೆಲಸದ ಹೊತ್ತಿನಲ್ಲಿ ಏಪ್ರನ್ ಜೇಬಿನಲ್ಲಿ ಸೈಲೆಂಟ್.

ಎಂಟನೇ ಕ್ಲಾಸಿನಲ್ಲಿ ನೋಡದ್ದನ್ನು ಬರೆದೆ. ಈಗ ನೋಡಿದ್ದನ್ನು ಬರೆಯದೆ ಮೂರು ದಿನ ಕೂತಿದ್ದೇನೆ. ಇದು ಅದಕ್ಕಿಂತ ಕೆಟ್ಟದ್ದು.

12.00

ಇಲ್ಲಿ ಬರೆಯದೆ ಸೀದಾ ಕಳಿಸಿದೆ. ಈಗ ಇಲ್ಲಿ ನಕಲು ಮಾಡುತ್ತಿದ್ದೇನೆ.

"ಅಕ್ಕ, ಲೈಬ್ರರಿ ಮೇಡಂಗೆ ಪಾಸ್ತಾ ಕೊಡಬೇಡಿ. ಅಜ್ಜಿ ನಮ್ಮಿಬ್ಬರ ಸಾಸಿಗೆ ದೊಡ್ಡ ಪಾತ್ರೆಯ ನೀರು ಒಂದು ಸೌಟು ಹಾಕುತ್ತಾರೆ. ಆ ನೀರಿನಲ್ಲಿ ಗೋಧಿ ಇದೆ. ಬುಧವಾರ ನಾನೇ ನೋಡಿದೆ. ಮೂರು ಸಲ ತಿಂದೆ, ಮೂರು ಸಲವೂ ಹಾಸಿಗೆ ಹಿಡಿದೆ. ಮೇಡಂ ತಿಂದರೆ ಉಸಿರು ಕಟ್ಟುತ್ತದೆ. ಅಜ್ಜಿಯದು ತಪ್ಪಲ್ಲ. ಸಾಸ್ ನೀರಾಗಿದೆ ಅಂದವಳು ನಾನು."

ಕೆಳಗೆ ಹೆಸರು ಹಾಕಿದೆ. ಪೂರ್ತಿ ಹೆಸರು, ಇನಿಷಿಯಲ್ ಸಮೇತ, ರೂಮ್ ನಂಬರ್ ಸಮೇತ.

12.15

ಟಿಕ್ ಒಂದೇ. ಅಕ್ಕನ ಫೋನಿನಲ್ಲಿ ನೆಟ್ ಆಫ್ ಇರಬೇಕು, ಮೆಸೇಜ್ ತಲುಪಿಲ್ಲ.

12.20

ಒಂದೇ. ಶೂ ಹಾಕಿಕೊಂಡೆ. ಲೇಸ್ ಕಟ್ಟಲು ಬಗ್ಗಿದರೆ ಕಣ್ಣು ಕತ್ತಲೆ. ಚಪ್ಪಲಿ ಸಾಕು.

12.41. ಬಸ್ಸಿನಲ್ಲಿ

ಆರು ಸ್ಟಾಪ್. ಸಿಗ್ನಲ್ಲಿನಲ್ಲಿ ನಿಂತಿದೆ. ಕಂಡಕ್ಟರ್ ನನ್ನ ಮುಖ ನೋಡಿ, "ವಾಂತಿ ಬಂದ್ರೆ ಮೊದಲೇ ಹೇಳಮ್ಮ" ಅಂದರು. ಬರಲ್ಲ ಅಂದೆ. ಅಕ್ಷರ ಕುಣಿಯುತ್ತಿವೆ. ಬರೆಯುವುದು ನಿಲ್ಲಿಸಿದರೆ ಕೂಗಿಬಿಡುತ್ತೇನೆ ಅನ್ನಿಸುತ್ತಿದೆ.

ಅಜ್ಜಿ ಎದುರಿಗೆ ನಿಂತು ಏನು ಹೇಳುವುದು ಗೊತ್ತಿಲ್ಲ. ಹೇಳುತ್ತೇನೆ. ನಾಲ್ಕು ಪದ. ಆಮೇಲೆ ಅವರು ಏನಾದರೂ ಅನ್ನಲಿ. ಆಮೇಲೆ ಯಜಮಾನರ ಹತ್ತಿರ ನಾನೇ ಮಾತಾಡುತ್ತೇನೆ. ಅಜ್ಜಿ ಸ್ಟೂಲ್ ಬಿಟ್ಟು ಏಳಬಾರದು. ನಿಲ್ಲಬೇಕಾದದ್ದು ಆ ಒಂದು ಸೌಟು ನೀರು ಮಾತ್ರ.

12.53

ಇನ್ನೆರಡು ಸ್ಟಾಪ್. ಟಿಕ್ ಎರಡಾಯಿತು. ನೀಲಿ ಆಗಿಲ್ಲ. ಮತ್ತೊಂದು ಕಳಿಸುತ್ತಿದ್ದೇನೆ —

"ಅಕ್ಕ, ಬಸ್ಸಿನಲ್ಲಿದ್ದೇನೆ. ಮೇಡಂ ಕೂತಿದ್ದರೆ ಅವರ ತಟ್ಟೆ ತಡೆಯಿರಿ. ದಯವಿಟ್ಟು ಬೇಗ ಉತ್ತರ ಕೊಡಿ."